ಮ್ಯೂನಿಕ್ಕಿನ ತಟ್ಟೆಯಲ್ಲಿ ಬೆಂಗಳೂರಿನ ಕೊರಳು

ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ತೆಲುಗಿನಲ್ಲಿ ಓದಿದವನು. ಕನ್ನಡ ಮಾತು ಬಲ್ಲ, ಬರೆಯಲಾರ. ರಜೆಗೆ ಉರುಕುಂದಕ್ಕೆ ಬಂದಾಗಲೆಲ್ಲ ಅವನು ಕೇಳಿಸುವುದು ಹಳೆಯ ಜರ್ಮನ್ ಸಂಗೀತ. ಡ್ಯೂಸೆಲ್‌ಡಾರ್ಫಿನ ಕ್ರಾಫ್ಟ್‌ವರ್ಕ್ ತಂಡದವರ 1974ರ 'ಆಟೋಬಾನ್' ತಟ್ಟೆಯ ಒಂದು ಮಗ್ಗುಲನ್ನೆಲ್ಲ, 22 ನಿಮಿಷಗಳಿಗೂ ಮಿಕ್ಕಿ, ಹೆದ್ದಾರಿಯ ಪಯಣದ ಒಂದೇ ಹಾಡು ಆಕ್ರಮಿಸಿದೆ. ಆ ಯಂತ್ರನಾದ ನನಗೆ ಒಗ್ಗಲಿಲ್ಲ. 1972ರ 'ನಾಯ್' ಮುದ್ರಿಕೆಯ ಬದಲಾಗದ ತಾಳ ಮಾತ್ರ ಒಗ್ಗಿತು. ಶ್ರಾವಣದಲ್ಲಿ ಈರಣ್ಣಸ್ವಾಮಿಯ ಸನ್ನಿಧಿಗೆ ಬರುವವರ ಭಜನೆ ಕೇಳಿ ಬೆಳೆದ ಕಿವಿಗೆ ಪುನರಾವೃತ್ತಿ ಬೇಸರವೆನಿಸದು.

ನನ್ನನ್ನು ಹಿಡಿದು ಕೂರಿಸಿದುದು ಮ್ಯೂನಿಕ್ಕಿನ ಎಂಬ್ರಿಯೋ. 1969ರಲ್ಲಿ ಹುಟ್ಟಿದ ಈ ತಂಡ 1978ರಲ್ಲಿ ಬಸ್ಸುಗಳನ್ನೇರಿ ಆಫ್ಘಾನಿಸ್ತಾನದ ಮಾರ್ಗವಾಗಿ ಭಾರತಕ್ಕೆ ಹೊರಟಿತು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರೊಡಗೂಡಿಯೂ ನುಡಿಸಿತು. ಆ ಕಾಲೇಜಿನ ಟಿ. ಎ. ಎಸ್. ಮಣಿಯವರ ಮೃದಂಗ, ಆರ್. ಎ. ರಮಾಮಣಿಯವರ ಗಾಯನ, ಅಮೆರಿಕದ ಚಾರ್ಲಿ ಮರಿಯಾನೋ ಅವರ ಸ್ಯಾಕ್ಸೊಫೋನ್ ಕೂಡಿದ 'ಜ್ಯೋತಿ'ಯನ್ನು 1983ರಲ್ಲಿ ಮ್ಯೂನಿಕ್ಕಿನ ಇಸಿಎಂ ಸಂಸ್ಥೆ ಮುದ್ರಿಸಿತು. ವಿದ್ಯುದ್ವಾದ್ಯಗಳ ಅಬ್ಬರವಿಲ್ಲದ ಈ ತಟ್ಟೆಯೇ, ನನ್ನ ಅಭಿಪ್ರಾಯದಲ್ಲಿ, ಉಳಿದೆಲ್ಲಕ್ಕಿಂತ ಮೇಲು.

ರಮಾಮಣಿಯವರ ಕೊರಳು ಕೇಳುತ್ತಲೇ ಮಗನು, "ಅಪ್ಪಾ, ಇವ್ರು ನಮ್ಮೋರೇನು?" ಎಂದನು. ಬೆಂಗಳೂರಿನವರೆಂದೆ. ಮೃದಂಗದ ಸೊಲ್ಲುಗಳನ್ನು ಕನ್ನಡದಲ್ಲಿಯೇ ಬರೆದುಕೊಡೆಂದನು. ಎಷ್ಟೋ ವರ್ಷ ಮಗ್ಗಿಪುಸ್ತಕ ಮುಂದಿಟ್ಟು ಕೂರಿಸಿದರೂ ಒಲಿಯದ ಅಕ್ಷರ, ಜರ್ಮನಿಯನ್ನು ಸುತ್ತಿ ಮನೆಗೆ ಬಂದಿತು! ತ, ಕ, ಧಿ, ಮಿ ಆಗಿವೆ. ತೆಲುಗಿನ ತಲಕಟ್ಟು ಇನ್ನೂ ಅವನ ಕೈಯನ್ನು ಬಿಟ್ಟಿಲ್ಲ. ಒತ್ತಕ್ಷರಗಳು ಬಾಕಿ ಇವೆ.