ಮೀನಿಲ್ಲದ ತೊಟ್ಟಿ

ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ. ಇವೆರಡರ ನಡುವಿನ ನಮ್ಮ ಮಲವಗೊಪ್ಪದಲ್ಲಿ ಉಪ್ಪುನೀರಿನ ಮೀನು ಸಾಕುತ್ತೇವೆ ಎಂದಾಗ ಅಮ್ಮಿ ನಕ್ಕಿದ್ದರು. ಮಾಮು ಮಾತ್ರ ಮೂರು ಅಡಿಯ ಗಾಜಿನ ತೊಟ್ಟಿ ತಂದೇಬಿಟ್ಟರು. ಸುಮಾರು 150 ಲೀಟರ್ ನೀರು. ಲೀಟರಿಗೆ 35 ಗ್ರಾಂನಂತೆ ಐದು ಕಿಲೋಗೂ ಹೆಚ್ಚು ಉಪ್ಪು. ಅಡುಗೆ ಉಪ್ಪು ನಡೆಯುವುದಿಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿದ ಅಕ್ವೇರಿಯಂ ಉಪ್ಪೇ ಬೇಕು. ತಿಂಗಳುಗಟ್ಟಲೆ ನೀರು ಓಡಿಸಿ, ಹೊಲಸು ಅರಗಿಸುವ ಬ್ಯಾಕ್ಟೀರಿಯಾ ಬೆಳೆದ ಮೇಲೆ ಬೆಂಗಳೂರಿನಿಂದ ನಾಲ್ಕು ಸೀಗಡಿ, ಒಂದು ಬ್ಲೂ ಟ್ಯಾಂಗ್ ಬಂದವು. 'ಫೈಂಡಿಂಗ್ ನೀಮೋ' ನೋಡಿದವರಿಗೆ ಗೊತ್ತು, ಅದೇ ಡೋರಿ.

ನಮ್ಮದು ಬೆರಳುದ್ದ ಇತ್ತು. ಒಂದು ಅಡಿಯವರೆಗೆ ಬೆಳೆಯುತ್ತದೆ ಎಂದು ಓದಿದ್ದೆ. "ಬೆಳೆದಾಗ ನೋಡೋಣ" ಎಂದರು ಮಾಮು. ನಾನೂ ಸುಮ್ಮನಾದೆ. ದಿನವಿಡೀ ಈ ಗಾಜಿನಿಂದ ಆ ಗಾಜಿಗೆ ಓಡುತ್ತಿತ್ತು, ಆಟವಾಡುತ್ತಿದೆ ಎಂದುಕೊಂಡಿದ್ದೆ.

ಮೂರನೇ ವಾರ ಅದರ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡವು. ಮಾಮು ಊರಲ್ಲಿರಲಿಲ್ಲ. "ಬೇರೆ ಟಬ್ಬಿಗೆ ಹಾಕಿ ತಾಮ್ರದ ಔಷಧಿ ಕೊಡು, ತೊಟ್ಟಿಗೆ ಹಾಕಿದರೆ ಸೀಗಡಿ ಸಾಯುತ್ತವೆ" ಎಂದು ಫೋನಿನಲ್ಲಿ ಹೇಳಿದರು. ಮರುದಿನ ಫಿಸಿಕ್ಸ್ ಟೆಸ್ಟ್ ಇತ್ತು. ಮುಂದೂಡಿದೆ. ಐದನೇ ದಿನ ನೋಡಿದರೆ ಚುಕ್ಕೆಗಳೇ ಇಲ್ಲ! "ಮಾಮು, ಗುಣವಾಯ್ತು" ಎಂದು ಫೋನ್ ಮಾಡಿದೆ.

ಗುಣವಾಗಿರಲಿಲ್ಲ. ಆ ಚುಕ್ಕೆ ಒಂದು ಪರಾವಲಂಬಿ ಜೀವಿ. ಮೀನಿನ ಮೈಯಲ್ಲಿ ತಿಂದು ಬೆಳೆದು, ಕೆಲವು ದಿನಗಳಲ್ಲಿ ಉದುರಿ ತಳಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಒಂದೇ ಹಲವಾರು ಮರಿಗಳಾಗಿ ಒಡೆದು ಮತ್ತೆ ಮೀನನ್ನು ಹುಡುಕಿಕೊಂಡು ಬರುತ್ತದೆ. ನಾನು ಖುಷಿಯಾಗಿದ್ದ ದಿನಗಳಲ್ಲೇ ಅವು ಮರಳಿನಲ್ಲಿ ಹೆಚ್ಚುತ್ತಿದ್ದವು. ಮುಂದಿನ ವಾರ ಮೈತುಂಬ ಚುಕ್ಕೆ; ಕಿವಿರು ಪಟಪಟನೆ ಬಡಿದುಕೊಳ್ಳುತ್ತಿತ್ತು. ಟಬ್ಬಿಗೆ ಹಾಕಿದ ಎರಡನೇ ಬೆಳಿಗ್ಗೆ ಅದು ಮಗ್ಗುಲಾಗಿ ತೇಲುತ್ತಿತ್ತು.

ಮಾಮು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಂದ ದಿನವೇ ಕ್ವಾರಂಟೈನ್ ಮಾಡಬೇಕಿತ್ತು, ತಪ್ಪು ನಂದು" ಎಂದರು. ಆದರೆ ಗುಣವಾಯ್ತು ಎಂದು ಫೋನ್ ಮಾಡಿದವನು ನಾನು.

ಆಮೇಲೆ ಓದಿದೆ: ಬ್ಲೂ ಟ್ಯಾಂಗ್‌ಗಳನ್ನು ತೊಟ್ಟಿಯಲ್ಲೇ ಮರಿಮಾಡಿ ಬೆಳೆಸಿದ್ದು 2016ರಲ್ಲಿ, ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ. ಅದಕ್ಕೂ ಮೊದಲು ಅಂಗಡಿಗೆ ಬರುತ್ತಿದ್ದವು ಸಮುದ್ರದಲ್ಲಿ ಹಿಡಿದವೇ. ನಮ್ಮದೂ ಯಾವುದೋ ಹವಳದ ದಿಬ್ಬದಿಂದ ಬಂದದ್ದೇ ಇರಬೇಕು.

ಈಗ ತೊಟ್ಟಿಯಲ್ಲಿ ಸೀಗಡಿ ಮಾತ್ರ. ಮೀನು ಸಿಗದಿದ್ದರೆ ಆ ಜೀವಿ ತಾನಾಗಿ ಸಾಯುತ್ತದಂತೆ, ಎರಡೂವರೆ ತಿಂಗಳು ಹಾಗೇ ಬಿಡಬೇಕು. ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಎನ್ನುತ್ತಾರೆ. ಅಮ್ಮಿ ಕರೆಂಟ್ ಬಿಲ್ ತೋರಿಸುತ್ತಾರೆ. ಮಾಮು ಮೊನ್ನೆ ಮತ್ತೆ ಟ್ಯಾಂಗ್ ಮಾತು ತೆಗೆದರು. "ಮೂರು ಅಡಿಯಲ್ಲಿ ಬೇಡ ಮಾಮು. ಫಾರ್ಮಿನಲ್ಲಿ ಮರಿಯಾದ ಕ್ಲೌನ್ ಮೀನು ತರೋಣ" ಎಂದೆ. ಟಬ್ಬು ತೊಳೆದು ಒಣಗಿಸಿಟ್ಟಿದ್ದೇನೆ. ಇವತ್ತಿಗೆ 47 ದಿನ.