ವೆನಿಸಿಗೆ ಎರಡು ದಿನದ ಸಂಕಲ್ಪ

ನಮ್ಮ ಹಿರಿಯರು ಯಾವ ಕರ್ಮವನ್ನು ಕೈಕೊಳ್ಳುವಾಗಲೂ ಮೊದಲು ಸಂಕಲ್ಪವನ್ನು ಮಾಡುತ್ತಿದ್ದರು. ದೇಶ ಯಾವುದು, ಕಾಲ ಯಾವುದು, ಮಾಡತಕ್ಕವರು ಯಾರು, ಏತಕ್ಕಾಗಿ ಮಾಡುವುದು ಎಂಬ ನಾಲ್ಕು ಸಂಗತಿಗಳನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಮುಂದಿನ ಕೆಲಸ. ಈ ವಿಧಿಯು ಪೂಜೆಗೆ ಮಾತ್ರವಲ್ಲ, ಪ್ರವಾಸಕ್ಕೂ ಸಲ್ಲತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ತಿಂಗಳುಗಟ್ಟಲೆ ಸಂಚರಿಸುವವನು ದಾರಿಯಲ್ಲಿಯೇ ಯೋಚಿಸಿಕೊಳ್ಳಬಹುದು. ಎರಡೇ ದಿನ ಕೈಯಲ್ಲಿರುವವನಿಗೆ ಆ ಸೌಕರ್ಯವಿಲ್ಲ.

ನಮಗೆ ಒದಗಿರುವುದು ಎರಡೇ ದಿನ. ನಮ್ಮ ಮಗ ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. ಬರುವ ಮಾರ್ಚಿಯಲ್ಲಿ ನಾವು ದಂಪತಿಗಳು ಅವನಲ್ಲಿಗೆ ಹೋಗುವುದೆಂದೂ, ಅಲ್ಲಿಂದ ಒಂದು ಶುಕ್ರವಾರ ರೈಲು ಹತ್ತಿ, ಶನಿವಾರ ಭಾನುವಾರಗಳನ್ನು ಇಟಲಿಯ ವೆನಿಸ್ ನಗರದಲ್ಲಿ ಕಳೆದು, ಸೋಮವಾರ ಹಿಂದಿರುಗುವುದೆಂದೂ ಗೊತ್ತಾಗಿದೆ. ಮಗ ಹದಿನಾಲ್ಕು ಸ್ಥಳಗಳ ಪಟ್ಟಿಯೊಂದನ್ನು ಬರೆದು ಕಳುಹಿಸಿದ. "ಇನ್ನೊಮ್ಮೆ ಬರುವುದು ಆಗುತ್ತದೋ ಇಲ್ಲವೋ ಅಪ್ಪಾ, ಎಲ್ಲವನ್ನೂ ನೋಡಿಬಿಡೋಣ" ಎಂಬುದು ಅವನ ಪ್ರೀತಿಯ ಮಾತು. ಪಟ್ಟಿಯನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಯ ಸೇತುವೆಗಳಿಗೆ ಮೆಟ್ಟಲುಗಳುಂಟೋ?" ಆಕೆಗೆ ನಾಲ್ಕು ವರ್ಷಗಳಿಂದ ಮಂಡಿನೋವು. ಹದಿನಾಲ್ಕು ಸ್ಥಳಗಳ ಪಟ್ಟಿ ಆ ಒಂದು ಪ್ರಶ್ನೆಯ ಮುಂದೆ ನಿಲ್ಲಲಿಲ್ಲ. ಆದುದರಿಂದ ಸಂಕಲ್ಪವನ್ನು ಮೊದಲಿನಿಂದ ಮಾಡಬೇಕಾಯಿತು.

ಮೊದಲನೆಯದು ದೇಶ. ವೆನಿಸ್ ನಾವು ಕಂಡ ಊರುಗಳಂತೆ ಗಟ್ಟಿನೆಲದ ಮೇಲೆ ನಿಂತ ಊರಲ್ಲ. ಆಳವಿಲ್ಲದ ಹಿನ್ನೀರಿನಲ್ಲಿ 118 ಚಿಕ್ಕ ದ್ವೀಪಗಳನ್ನು ಸೇರಿಸಿ ಹೊಲಿದ ಊರು. 400ಕ್ಕೂ ಮಿಕ್ಕ ಸೇತುವೆಗಳೇ ಆ ಹೊಲಿಗೆಯ ದಾರ. ಕೆಸರಿನೊಳಕ್ಕೆ ಓಕ್, ಲಾರ್ಚ್ ಮೊದಲಾದ ಮರಗಳ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಮೇಲೆ ಹಲಗೆ ಹಾಸಿ, ಅದರ ಮೇಲೆ ಇಸ್ತ್ರಿಯಾ ಪ್ರಾಂತದ ಕಲ್ಲನ್ನು ಕೂರಿಸಿ ಮನೆಗಳನ್ನೆಬ್ಬಿಸಿದ್ದಾರೆ. ಕೆಸರಿನಲ್ಲಿ ಗಾಳಿಯಾಡದಿರುವುದರಿಂದ ಮರ ಬೇಗನೆ ಕೊಳೆಯದು. 1846ರಲ್ಲಿ ರೈಲುಸೇತುವೆಯಾಗುವವರೆಗೆ ಆ ಊರಿಗೆ ದೋಣಿಯಲ್ಲದೆ ಬೇರೆ ದಾರಿಯಿರಲಿಲ್ಲ. ಮೋಟಾರು ರಸ್ತೆ ಬಂದದ್ದು 1933ರಲ್ಲಿ. ಇಂದಿಗೂ ಮೋಟಾರು ಊರ ಬಾಗಿಲಿನಲ್ಲಿಯೇ ನಿಲ್ಲತಕ್ಕದ್ದು. ಒಳಗೆ ಬೈಸಿಕಲ್ಲಿಗೂ ಅವಕಾಶವಿಲ್ಲ. ಕಾಲು, ಇಲ್ಲವೇ ದೋಣಿ, ಮೂರನೆಯದಿಲ್ಲ.

ಎರಡನೆಯದು ಕಾಲ. ಶರತ್ಕಾಲ ಚಳಿಗಾಲಗಳಲ್ಲಿ ಸಮುದ್ರ ಉಕ್ಕಿ ಬೀದಿಗೆ ಬರುವುದುಂಟು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರು ಏರಿತು; 2019ರ ನವೆಂಬರ್ 12ರಂದು 187. ಹಿನ್ನೀರಿಗೆ ಸಮುದ್ರ ಬರುವ ಮೂರು ಬಾಯಿಗಳಲ್ಲಿ 78 ಉಕ್ಕಿನ ಬಾಗಿಲುಗಳನ್ನಿಟ್ಟು, ಬೇಕಾದಾಗ ಅವುಗಳೊಳಗೆ ಗಾಳಿ ತುಂಬಿ ಮೇಲೆಬ್ಬಿಸುವ ಏರ್ಪಾಡು 2020ರ ಅಕ್ಟೋಬರಿನಿಂದ ಕೆಲಸಮಾಡುತ್ತಿದೆ. ಆದರೂ ನವೆಂಬರನ್ನು ಬಿಟ್ಟೆವು. ಬೇಸಗೆಯಲ್ಲಿ ಸೆಕೆ, ಅದಕ್ಕಿಂತ ಹೆಚ್ಚಾಗಿ ಜನ. ಜಾತ್ರೆಯ ಜನವನ್ನು ಕಡಮೆ ಮಾಡಲೆಂದು 2024ರ ಏಪ್ರಿಲಿನಲ್ಲಿ, ಹಗಲು ಬಂದು ಹಗಲೇ ಹೋಗುವವರಿಗೆ, ಗೊತ್ತುಪಡಿಸಿದ ದಿನಗಳಲ್ಲಿ 5 ಯೂರೋ ಪ್ರವೇಶಶುಲ್ಕವನ್ನು ಆರಂಭಿಸಿದರು. ರಾತ್ರಿ ಉಳಿಯುವವರಿಗೆ ಆ ಶುಲ್ಕವಿಲ್ಲ. ಅವರು ಕೊಡುವ ತಂಗುವ ತೆರಿಗೆ ಬೇರೆ. ಇವೆಲ್ಲವನ್ನೂ ತೂಗಿ ಮಾರ್ಚಿಯನ್ನು ಆರಿಸಿದೆವು.

ಮೂರನೆಯದು ಕರ್ತೃ. ಇಲ್ಲಿ ಮಂಡಿನೋವಿನ ಮಾತೇ ಮುಖ್ಯ. ಅಲ್ಲಿಯ ಸೇತುವೆಗಳು ಬಹುಮಟ್ಟಿಗೆ ಮೆಟ್ಟಲಿನವೇ. ಕೆಳಗೆ ದೋಣಿ ಹೋಗಬೇಕಲ್ಲವೆ? ಹತ್ತಿರದ ಜಾಗಕ್ಕೆ ಹೋಗಬೇಕಾದರೂ ನಾಲ್ಕೈದು ಬಾರಿ ಹತ್ತಿಳಿಯಬೇಕು. ಆದುದರಿಂದ ನೆಲವನ್ನು ಬಿಟ್ಟು ನೀರನ್ನೇ ನಂಬುವುದೆಂದು ನಿರ್ಧಾರವಾಯಿತು. ಊರಿನ ನಡುವೆ ಮಹಾಕಾಲುವೆಯೊಂದು ತಿರುಗುಮುರುಗಾಗಿ ಸುಮಾರು 3.8 ಕಿಲೋಮೀಟರು ಹರಿದಿದೆ. ಅದರಲ್ಲಿ ನಮ್ಮ ಬಸ್ಸಿನಂತೆ ಕಟ್ಟೆಯಿಂದ ಕಟ್ಟೆಗೆ ನಿಂತು ಹೋಗುವ ದೋಣಿಗಳುಂಟು. ವಪೊರೆತ್ತೊ ಎಂದು ಹೆಸರು. 2024ರಲ್ಲಿ 75 ನಿಮಿಷದ ಒಂದು ಟಿಕೆಟಿಗೆ 9.50 ಯೂರೋ, 48 ಗಂಟೆಯ ಟಿಕೆಟಿಗೆ 35. ದಿನಕ್ಕೆ ಎರಡು ಬಾರಿಗಿಂತ ಹೆಚ್ಚು ಹತ್ತುವವರಿಗೆ ಎರಡನೆಯದೇ ಅಗ್ಗವೆಂಬುದು ಸಾಧಾರಣ ಲೆಕ್ಕ. ದೋಣಿಕಟ್ಟೆಗೆ ಸೇತುವೆಯಿಲ್ಲದೆ ನಡೆಯಬಹುದಾದ ಮನೆಯಲ್ಲಿಯೇ ಇಳಿಯಬೇಕೆಂಬುದು ಎರಡನೆಯ ನಿಯಮ. ಇಬ್ಬರಿಗೂ ಸೇರಿ ಒಂದೇ ಕೈಚೀಲವೆಂಬುದು ಮೂರನೆಯದು. ಮೆಟ್ಟಲುಗಳ ಊರಿನಲ್ಲಿ ಗಾಲಿಯ ಪೆಟ್ಟಿಗೆ ಹೊರೆಯೇ ಆಗುತ್ತದೆ.

ಇಳಿಯುವ ಮನೆಯ ವಿಷಯದಲ್ಲಿ ಮಾತ್ರ ಮೂರು ದಿನ ಚರ್ಚೆ ನಡೆಯಿತು. ಮಗ ಒಂದು ಸಂಸಾರದ ಮನೆಯನ್ನು ಹುಡುಕಿದ್ದ. ಅಡಿಗೆಮನೆ, ಒಲೆ, ಪಾತ್ರೆ ಎಲ್ಲವೂ ಉಂಟು. ಬಾಡಿಗೆಯೂ ಹೋಟೆಲಿಗಿಂತ ಕಡಮೆ. ಸಸ್ಯಾಹಾರಿಗಳಾದ ನಮಗೆ ಇದಕ್ಕಿಂತ ಏನು ಬೇಕು? ಆದರೆ ಆ ಊರಿನ ಜನಸಂಖ್ಯೆಯ ಲೆಕ್ಕವನ್ನು ನಾವು ಓದಿದ್ದೆವು. ದ್ವೀಪಗಳ ಹಳೆಯ ಪಟ್ಟಣದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಕಾರಣಗಳು ಹಲವು: ತೇವ ಹಿಡಿಯುವ ಗೋಡೆಗಳು, ಎದುರು ದಡದಲ್ಲಿ ದೊರೆಯುವ ಉದ್ಯೋಗ, ಮೇಲೇರಿದ ಬೆಲೆ. ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟರೆ ಲಾಭ ಹೆಚ್ಚೆಂದು ಸಂಸಾರದ ಮನೆಗಳು ಒಂದೊಂದಾಗಿ ಬಿಡಾರಗಳಾದುದೂ ಅವುಗಳಲ್ಲಿ ಒಂದು.

ಇದನ್ನು ಕೇಳಿ ಮನೆಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೋ ಮಕ್ಕಳುಮರಿ ಇಟ್ಟುಕೊಂಡು ಬಾಳಬೇಕಾದ ಮನೆಯಲ್ಲಿ ಮೂರು ರಾತ್ರಿ ನಾವು ಸಾರು ಮಾಡಿಕೊಳ್ಳಬೇಕೆ? ಬೇಡ ಅನ್ನಿ" ಎಂದಳು. "ನಾವೊಬ್ಬರು ಬಿಟ್ಟರೆ ಆ ಮನೆಗೆ ಸಂಸಾರ ಹಿಂದಿರುಗುವುದಿಲ್ಲವಲ್ಲ ಅಮ್ಮಾ" ಎಂದು ಮಗ ಟೆಲಿಫೋನಿನಲ್ಲಿ ವಾದಿಸಿದ. ಅವನ ತರ್ಕ ಸರಿಯೇ. ಆದರೆ ಒಬ್ಬನ ಆಚಾರದಿಂದ ಲೋಕ ತಿರುಗುವುದಿಲ್ಲವೆಂದು ಆಚಾರವನ್ನೇ ಬಿಡುವುದಾದರೆ ಯಾವ ಆಚಾರ ಉಳಿದೀತು? ಹಾಗೆಂದು ಎದುರು ದಡದ ಮೆಸ್ತ್ರೆಯಲ್ಲಿ ತಂಗಿ ದಿನವೂ ಬಂದುಹೋಗುವುದು ಮಂಡಿಗೆ ಶಿಕ್ಷೆ. ಕೊನೆಗೆ ಮಹಾಕಾಲುವೆಯ ಹತ್ತಿರ, ಹೋಟೆಲೆಂದೇ ಬಹುಕಾಲದಿಂದ ನಡೆದುಬಂದ ಚಿಕ್ಕ ವಸತಿಯೊಂದನ್ನು ಗೊತ್ತುಮಾಡಿದೆವು. ಖರ್ಚು ಹೆಚ್ಚಾಯಿತು; ಒಂದು ಹೊತ್ತಿನ ಊಟವನ್ನು ಹಣ್ಣು ರೊಟ್ಟಿಗಳಲ್ಲಿ ಮುಗಿಸುವುದೆಂದು ಸರಿದೂಗಿಸಿದೆವು.

ಊಟಕ್ಕೆ ತೊಂದರೆಯಾಗದು. ಮುಸುಕಿನ ಜೋಳದ ಹಿಟ್ಟನ್ನು ಮುದ್ದೆಯಂತೆ ಕುದಿಸಿ ಮಾಡುವ ಪೊಲೆಂತ ಆ ಸೀಮೆಯ ಹಳೆಯ ಅಡಿಗೆ. ಅನ್ನದ ಅಡಿಗೆಗಳೂ ಉಂಟು. ಆದರೆ ಅಕ್ಕಿಯನ್ನು ಮಾಂಸದ ಕಟ್ಟಿನಲ್ಲಿ ಬೇಯಿಸುವ ರೂಢಿಯಿರುವುದರಿಂದ ಕೇಳಿಯೇ ತಿನ್ನಬೇಕು. ಬೀದಿಯ ನಲ್ಲಿಗಳ ನೀರು ಕುಡಿಯಲು ಯೋಗ್ಯವಾದುದರಿಂದ ಒಂದು ಸೀಸೆ ಕೈಯಲ್ಲಿದ್ದರೆ ಸಾಕು.

ನಾಲ್ಕನೆಯದು ಉದ್ದೇಶ. ಏತಕ್ಕಾಗಿ ವೆನಿಸ್? ವಾಚಕರಿಗೆ ವಿನೋದವೆನಿಸಬಹುದಾದ ಒಂದು ಋಣ ನಮಗೆ ಅಲ್ಲಿ ಉಂಟು. ಆ ಗಣರಾಜ್ಯದ ವರ್ತಕನಾದ ನಿಕೊಲೊ ಕೊಂತಿ ಎಂಬವನು ಸುಮಾರು 1420ರಲ್ಲಿ ನಮ್ಮ ವಿಜಯನಗರವನ್ನು ಕಂಡುಹೋದ. ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಅವನ ಬಾಯಿಂದ ಕೇಳಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. 1565ರ ಯುದ್ಧದಲ್ಲಿ ಆ ಪಟ್ಟಣ ಹಾಳಾದ ಮೇಲೆ, 1567ರಲ್ಲಿ ಅಲ್ಲಿ ಏಳು ತಿಂಗಳು ಇದ್ದವನು ಚೆಸಾರೆ ಫೆದೆರೀಚಿ. ಅವನೂ ವೆನಿಸಿನ ವರ್ತಕನೇ. ನಮ್ಮ ನಾಡಿನ ಮಹಾಪಟ್ಟಣದ ಉಚ್ಛ್ರಾಯವನ್ನು ಒಬ್ಬ, ಅವಸಾನವನ್ನು ಒಬ್ಬ ಕಂಡು ಹೇಳಿದರು. ಅವರ ಊರನ್ನು ನಾವು ಒಮ್ಮೆ ನೋಡಿ ಬರುವುದು ನ್ಯಾಯವಲ್ಲವೆ?

ಆದುದರಿಂದ ಪಟ್ಟಿಯಲ್ಲಿ ಉಳಿದವು ನಾಲ್ಕು. ಶನಿವಾರ ಮುಂಜಾನೆ ಜನ ಏಳುವ ಮುನ್ನ ಒಂದನೆಯ ನಂಬರಿನ ದೋಣಿಯಲ್ಲಿ ಮಹಾಕಾಲುವೆಯ ಈ ತುದಿಯಿಂದ ಆ ತುದಿಗೆ. 1591ರ ರಿಯಾಲ್ಟೊ ಸೇತುವೆಯನ್ನು ಹತ್ತದೆ ಕೆಳಗಿನಿಂದಲೇ ಕಾಣಬಹುದು. ಬಳಿಕ 1094ರಲ್ಲಿ ಪ್ರತಿಷ್ಠೆಯಾದ ಸಂತ ಮಾರ್ಕನ ದೇವಾಲಯ. ಅದರ ಮುಂದಿನ ಗಂಟೆಗೋಪುರ 1902ರಲ್ಲಿ ಕುಸಿದು, 1912ರಲ್ಲಿ ಮೊದಲಿನಂತೆಯೇ ಎದ್ದಿತು. ಅದಕ್ಕೆ ಲಿಫ್ಟ್ ಇರುವುದರಿಂದ ಮಂಡಿಯ ಆಕ್ಷೇಪಣೆಯಿಲ್ಲ. ಮಧ್ಯಾಹ್ನ, ದೊರೆಯ ಅರಮನೆಗೆ ಎದುರಾಗಿರುವ ಮಾರ್ಚಿಯಾನಾ ಗ್ರಂಥಾಲಯ. 1450ರ ಸುಮಾರಿನಲ್ಲಿ ಫ್ರಾ ಮೌರೊ ಎಂಬ ಸನ್ಯಾಸಿ ರಚಿಸಿದ ಲೋಕದ ಭೂಪಟ ಅಲ್ಲಿದೆ. ಅದರಲ್ಲಿ ದಕ್ಷಿಣವೇ ಮೇಲೆ! ನಮ್ಮ ದೇಶದ ಭಾಗವನ್ನು ಬರೆಯುವಾಗ ಆತ ಕೊಂತಿಯ ಮಾತುಗಳನ್ನು ಬಳಸಿಕೊಂಡನೆಂದು ವಿದ್ವಾಂಸರು ಹೇಳುತ್ತಾರೆ. ಇದೇ ಊರಿನಲ್ಲಿ ಆಲ್ದೊ ಮನೂಜಿಯೊ ಎಂಬ ಮುದ್ರಕನು 1495ರಿಂದ 1498ರೊಳಗೆ ಅರಿಸ್ಟಾಟಲನ ಗ್ರಂಥಗಳನ್ನು ಗ್ರೀಕ್ ಮೂಲದಲ್ಲಿ ಐದು ಸಂಪುಟಗಳಾಗಿ ಅಚ್ಚುಹಾಕಿದನು. 1501ರಲ್ಲಿ ಓರೆಯಕ್ಷರದಲ್ಲಿ ವರ್ಜಿಲನನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿಸಿದನು. ನಿರ್ಣಯಸಾಗರದ ಚಿಕ್ಕ ಪುಸ್ತಕಗಳಲ್ಲಿ ಕಾವ್ಯ ಕಲಿತ ನಮಗೆ ಆ ಉಪಕಾರದ ತೂಕ ತಿಳಿಯುತ್ತದೆ.

ನಾಲ್ಕನೆಯದನ್ನು ಮನೆಯಾಕೆ ಆರಿಸಿದಳು. ಭಾನುವಾರ ಮಧ್ಯಾಹ್ನವೆಲ್ಲ ಸಾತ್ತೆರೆ ಎಂಬ ದಕ್ಷಿಣದ ದಡದಲ್ಲಿ, ಬಿಸಿಲು ಕಾಯುತ್ತ ಕುಳಿತು ಹಡಗುಗಳನ್ನು ನೋಡುವುದು. "ಅಷ್ಟು ದೂರ ಹೋಗಿ ಕೂತುಕೊಳ್ಳುವುದೆ?" ಎಂದು ಮಗ ಕೇಳಿದ್ದಕ್ಕೆ, "ಓಡುವವರು ಓಡಲಪ್ಪ. ನೀರು ನೋಡುವುದಕ್ಕೇ ಹೋಗುವುದಾದರೆ ಕೂತೇ ನೋಡಬೇಕು" ಎಂದಳು. ಗೊಂಡೋಲ ದೋಣಿಯ ಆಸೆಯೊಂದು ಉಳಿದಿತ್ತು. ಅರ್ಧ ಗಂಟೆಗೆ 2023ರ ನವೆಂಬರಿನಿಂದ 90 ಯೂರೋ ಎಂದು ಕೇಳಿ ಆಕೆ ನಕ್ಕಳು. ಮಹಾಕಾಲುವೆಯನ್ನು ಅಡ್ಡ ದಾಟಿಸುವ ತ್ರಗೆತ್ತೊ ಎಂಬ ಕಡವಿನ ದೋಣಿಯೂ ಅದೇ ಜಾತಿಯದು; 2 ಯೂರೋ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಆಚೆ ದಡ. ಆಸೆ ತೀರುವುದಕ್ಕೆ ಅಷ್ಟು ಸಾಕೆಂದು ತೀರ್ಮಾನವಾಗಿದೆ.

ಹದಿನಾಲ್ಕರಲ್ಲಿ ಹತ್ತು ಹಾಗೆಯೇ ಉಳಿದವು. ಅವುಗಳ ಹೆಸರುಗಳನ್ನು ಹೊಡೆದುಹಾಕಲಿಲ್ಲ; ಪಟ್ಟಿಯನ್ನು ಮಡಿಸಿ ಮಗನಿಗೇ ಹಿಂದಕ್ಕೆ ಕಳುಹಿಸುತ್ತಿದ್ದೇವೆ. ಅವನಿಗೆ ಕಾಲುಗಳು ಗಟ್ಟಿಯಾಗಿವೆ, ಊರು ಒಂದು ರೈಲಿನ ದೂರದಲ್ಲಿದೆ. ಮಕ್ಕಳು ದೊಡ್ಡವರಾದ ಮೇಲೆ ಅವರೊಡನೆ ಹೋಗಿ ನೋಡಲಿ.