ದುರ್ಯೋಧನನ ಪಾರ್ಟು ಯಾರಿಗೆ?

ರಾತ್ರಿ ಎರಡು ದಾಟಿದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ಮಾರಿಗುಡಿಯ ಮುಂದಿನ ಬಯಲಿನಲ್ಲಿ ನೀವು ಚಾಪೆಯ ಮೇಲೆ ಕೂತಿದ್ದೀರಿ, ಎಡಗಾಲು ಜೋಮು ಹಿಡಿದಿದೆ. ಬೆನ್ನ ಹಿಂದೆ ಜನರೇಟರ್ ಗುಡುಗುಟ್ಟುತ್ತಿದೆ. ಡೀಸೆಲ್ ಹೊಗೆ, ಬೋಂಡ ಕರಿದ ಎಣ್ಣೆ, ಹೆಂಗಸರ ಮುಡಿಯ ಮಲ್ಲಿಗೆ, ಎಲ್ಲ ಬೆರೆತು ಮೂಗಿಗೆ ಅಡರುತ್ತದೆ. ಅರಮನೆಯ ಪರದೆ ಮೇಲೇಳುತ್ತದೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು, ಕನ್ನಡಕದ ಮೇಲಿಂದ ಒಮ್ಮೆ ನೋಡಿ, ತಲೆಯಾಡಿಸುತ್ತಾರೆ. ದುರ್ಯೋಧನ ಬರುತ್ತಾನೆ.

ಮೊನ್ನೆ ಇದೇ ಮನುಷ್ಯ ಗದ್ದೆಗೆ ನೀರು ಕಟ್ಟುತ್ತಿದ್ದುದನ್ನು ನೀವು ನೋಡಿದ್ದೀರಿ. ಈಗ ತುಟಿಯ ಮೇಲೆ ಅಂಟಿನಲ್ಲಿ ಕೂರಿಸಿದ ಮೀಸೆ, ತಲೆಯ ಮೇಲೆ ಮೈಸೂರಿನಿಂದ ಬಾಡಿಗೆಗೆ ತಂದ ಕಿರೀಟ. ಕಂದಪದ್ಯ ಎತ್ತಿಕೊಂಡ ಕೂಡಲೇ ಕತ್ತಿನ ನರ ಉಬ್ಬುತ್ತದೆ. ಕೊನೆಯ ಸ್ವರವನ್ನು ಎಳೆಯುತ್ತಾನೆ, ಇನ್ನೂ ಎಳೆಯುತ್ತಾನೆ, ನಿಮಗೇ ಉಸಿರು ಕಟ್ಟುತ್ತದೆ. ಶಿಳ್ಳೆ, ಚಪ್ಪಾಳೆ, ‘ವನ್ಸ್ ಮೋರ್!’ ನೆಂಟರು ನೋಟಿನ ಹಾರ ಹಿಡಿದು ರಂಗ ಹತ್ತುತ್ತಾರೆ. ಹಾರ ಬೀಳುವವರೆಗೆ ಮಹಾಭಾರತ ಕಾಯುತ್ತದೆ.

ಇದು ಈ ಸೀಮೆಯ ಕುರುಕ್ಷೇತ್ರ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಇದೇ ಹೆಸರಿನ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿಗಳು ಒಂದೊಂದಾಗಿ ಮುಚ್ಚಿದವು, ಹಳ್ಳಿಗಳು ಮಾತ್ರ ನಾಟಕವನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ರಾತ್ರಿ ಊಟ ಮುಗಿಸಿ ಪ್ರಾಕ್ಟೀಸು ಮಾಡುತ್ತಾರೆ. ಪಾರ್ಟು ಬೇಕಾದವರು ಚಂದಾ ಕಟ್ಟಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ಸೇವಕನಿಗೆ ಕಡಿಮೆ. ದ್ರೌಪದಿ, ಕುಂತಿ, ಉತ್ತರೆಯರು ಮಾತ್ರ ಊರಿನವರಲ್ಲ. ಸಂಭಾವನೆ ಕೊಟ್ಟು ಕರೆಸಿದ ಕಲಾವಿದೆಯರು ಮೈಸೂರಿನಿಂದಲೋ ಮಂಡ್ಯದಿಂದಲೋ ಸಂಜೆ ಬಂದು ಬೆಳಗ್ಗೆ ಹೊರಡುತ್ತಾರೆ. ಊರ ಹೆಣ್ಣುಮಕ್ಕಳ ಜಾಗ ರಂಗದ ಕೆಳಗೆ, ಚಾಪೆಯ ಬಲಬದಿ.

ನೀವು ಆ ಕಡೆ ತಿರುಗುತ್ತೀರಿ. ತಾಯಿಯ ಪಕ್ಕ ಕೂತ ಒಬ್ಬ ಹುಡುಗಿಯ ತುಟಿ ಅಲುಗುತ್ತಿದೆ. ರಂಗದ ಮೇಲೆ ದುರ್ಯೋಧನ ನುಡಿಯುವ ಒಂದೊಂದು ಅಕ್ಷರವನ್ನೂ ಅವಳು ಸದ್ದಿಲ್ಲದೆ ನುಡಿಯುತ್ತಿದ್ದಾಳೆ. ಅವನು ಉಸಿರು ಎಳೆದುಕೊಳ್ಳುವ ಮೊದಲೇ ಅವಳ ಎದೆ ಏರುತ್ತದೆ. ಅವನು ಅವಳ ಅಪ್ಪ. ಅವಳು ತಾಲ್ಲೂಕು ಗಡಿಯಾಚೆ, ನಂಜನಗೂಡು ಕಡೆಯ ನಿಮ್ಮ ಶಾಲೆಯ ಹುಡುಗಿ. ತರಗತಿಯಲ್ಲಿ ಹಾಜರಿ ಕೂಗಿದರೂ ದನಿ ಹೊರಡದವಳು.

ಜೂನ್. ಹೆಂಚಿನ ಮೇಲೆ ಮಳೆ ಬೀಳುತ್ತಿದೆ. ನಿಮ್ಮ ಕೈಯಲ್ಲಿ ಹತ್ತನೇ ತರಗತಿಯ ಕನ್ನಡ ಪುಸ್ತಕವಿದೆ. ಅದರಲ್ಲಿ ರನ್ನನ ದುರ್ಯೋಧನ ಶರಶಯ್ಯೆಯ ಭೀಷ್ಮರೆದುರು ಛಲ ಬಿಡೆನೆಂದು ನಿಂತಿದ್ದಾನೆ. ಪಾಠ ಬಾಯಿಪಾಠವಾಗುವ ಬದಲು ಮೈಗೆ ಇಳಿಯಲಿ ಎಂದೇ ನಾಟಕದ ಮೇಷ್ಟ್ರು ಇರುವುದು. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಹುದ್ದೆಯವರು ತೀರ ವಿರಳ, ಅವರಲ್ಲಿ ನೀವೊಬ್ಬರು. ‘ದುರ್ಯೋಧನ ಯಾರು ಮಾಡ್ತೀರಿ?’ ಎಂದು ಕೇಳುತ್ತೀರಿ. ಹುಡುಗರ ಕೈಗಳು ಒಟ್ಟಿಗೆ ಏಳುತ್ತವೆ. ಕೊನೆಯ ಬೆಂಚಿನಲ್ಲಿ ಒಂದು ಕೈ ಅರ್ಧ ಎದ್ದು ಇಳಿಯುತ್ತದೆ. ಅದನ್ನು ನೀವು ಕಂಡಿದ್ದೀರಿ. ಇನ್ನು ಕಾಣದವರಂತೆ ಇರಲಾಗದು.

‘ನಂಗ ಎಲ್ಲಾ ಬತ್ತದ ಸಾ’ ಎನ್ನುತ್ತಾಳೆ ನೆಲ ನೋಡುತ್ತ.

ಮರುವಾರ ಅವಳ ಸೋದರಮಾವ ಶಾಲೆಯ ಗೇಟಿನಲ್ಲಿ ನಿಂತಿದ್ದಾನೆ. ದನಿ ಏರಿಸುವುದಿಲ್ಲ, ಅದೇ ಕಷ್ಟ. ‘ಹೆಣ್ಣೈದ ಗದ ಹಿಡ್ಕಂಡು ನಿಂತ್ರ ಊರು ಏನಂದದು ಸಾ?’ ನಿಮ್ಮ ಬಾಯಿ ಒಣಗುತ್ತದೆ. ಪಾರ್ಟು ಬದಲಿಸಿದರೆ ಇವನು ಕೈಮುಗಿದು ಹೋಗುತ್ತಾನೆ, ಹುಡುಗಿ ಇನ್ನೆಂದೂ ಕೈ ಎತ್ತುವುದಿಲ್ಲ. ಬದಲಿಸದಿದ್ದರೆ ನಾಳೆಯಿಂದ ಅವಳು ಶಾಲೆಗೇ ಬಾರದಿರಬಹುದು. ನಿಮ್ಮ ಧೈರ್ಯಕ್ಕೆ ಬೆಲೆ ತೆರುವವಳು ಅವಳು. ‘ಅವಳಪ್ಪನನ್ನು ಒಂದು ಮಾತು ಕೇಳಿ’ ಎನ್ನುತ್ತೀರಿ. ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಅವಳ ತಲೆ ಕಂಡಾಗ ಮಂಡಿ ಸಡಿಲವಾಗುತ್ತದೆ.

ತಾಲೀಮು ಮೈಯ ಕೆಲಸ. ‘ಗಂಟಲಿಂದ ಕೂಗಬೇಡ, ಹೊಟ್ಟೆಯಿಂದ ತಾ’ ಎಂದು ಅವಳ ಕೈಯನ್ನು ಅವಳದೇ ಹೊಟ್ಟೆಯ ಮೇಲಿಡಿಸುತ್ತೀರಿ. ಮೊದಲ ವಾರ ದನಿ ಸೀಳುತ್ತದೆ. ಹೆಜ್ಜೆ ಇಡುವಾಗ ಹೆಗಲು ಒಳಗೆ ಬಾಗುತ್ತದೆ, ಯಾರಿಗೂ ಕಾಣದಂತೆ ನಡೆದು ಅಭ್ಯಾಸವಾದ ಹೆಗಲು. ಗದೆ ಬೇಡ, ಎರಡು ಇಟ್ಟಿಗೆ ಹಿಡಿದು ಅಂಗಳ ಸುತ್ತು ಎನ್ನುತ್ತೀರಿ. ಭಾರಕ್ಕೆ ಪಾದ ನೆಲ ಹಿಡಿಯುತ್ತದೆ, ಬೆನ್ನು ತಾನೇ ನೆಟ್ಟಗಾಗುತ್ತದೆ. ಇಟ್ಟಿಗೆ ಇಳಿಸಿದ ಮೇಲೂ ಅವಳು ಹಾಗೇ ನಡೆಯುತ್ತಾಳೆ.

ಒಂದು ಭಾನುವಾರ ಮಕ್ಕಳನ್ನು ಮೈಸೂರಿನ ಬಸ್ಸು ಹತ್ತಿಸುತ್ತೀರಿ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ, ಅದರ ಭೂಮಿಗೀತ. ದೀಪ ಆರುತ್ತದೆ. ಹಳ್ಳಿಯ ನಾಟಕದಲ್ಲಿ ಇಂಥ ಕತ್ತಲೆ ಇರುವುದಿಲ್ಲ. ಯಾರೋ ನಿಮ್ಮ ಅಂಗಿಯ ತೋಳು ಹಿಡಿಯುತ್ತಾರೆ. ಮೊದಲ ಬೆಳಕು ನಟಿಯೊಬ್ಬಳ ಪಾದಕ್ಕೆ ಬೀಳುತ್ತದೆ, ಹಿಡಿದ ಕೈ ಸಡಿಲವಾಗುತ್ತದೆ.

ವಾಪಸು ಬರುವ ಬಸ್ಸಿನಲ್ಲಿ ನಿಮಗೆ ‘ಕುಸುಮಬಾಲೆ’ ನೆನಪಾಗುತ್ತದೆ. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವ ಅವರು 1984ರಲ್ಲಿ ಪ್ರಕಟಿಸಿದ ಕಾದಂಬರಿ. ಇದೇ ಸೀಮೆಯ ಆಡುಮಾತಿನಲ್ಲಿ ಹರಿದ ಆ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಾಯಣ ಅದನ್ನು ರಂಗಕ್ಕೆ ತಂದಿತು. ಈ ಮಕ್ಕಳ ನಾಲಿಗೆಯನ್ನು ತಿದ್ದುತ್ತಲೇ ಶಾಲೆ ವರ್ಷ ಕಳೆಯುತ್ತದೆ. ಅದೇ ನಾಲಿಗೆ ಅಲ್ಲಿ ದೊಡ್ಡ ರಂಗವನ್ನು ತುಂಬಿತ್ತು. ಕಡಕೊಳದ ಹತ್ತಿರ ಬಸ್ಸು ಕುಲುಕುತ್ತದೆ, ನೀವು ತೀರ್ಮಾನಿಸುತ್ತೀರಿ: ದುರ್ಯೋಧನ ಪದ್ಯ ಹಾಡಲಿ, ಮಾತು ಮಾತ್ರ ಅವಳ ಮನೆಯ ಮಾತಾಗಲಿ.

ಜನವರಿ. ಕಪಿಲೆಯ ದಡದಲ್ಲಿ ಸುತ್ತೂರು ಜಾತ್ರೆ. ದೂಳಿನಲ್ಲಿ ನಿಂತು ನಾಟಕ ನೋಡುತ್ತೀರಿ, ಬೇರೆಯವರ ತಪ್ಪು ಒಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಳ್ಳುತ್ತೀರಿ. ಆಮೇಲೆ ನಿಮ್ಮದೇ ದಿನ ಬರುತ್ತದೆ.

ಶಾಲೆಯ ಅಂಗಳ, ಏಳು ಗಂಟೆ. ಊರು ಬಂದು ಕೂತಿದೆ. ಮುಂದಿನ ಸಾಲಿನಲ್ಲಿ ಅಪ್ಪ, ಅವನ ಪಕ್ಕ ಕೈ ಕಟ್ಟಿದ ಸೋದರಮಾವ. ರಂಗದ ಅಂಚಿನಲ್ಲಿ ಹಾರ್ಮೋನಿಯಂ ಹಿಂದೆ ನೀವು. ನಾಲ್ಕು ಹುಡುಗರು ನೀಲಿ ಸೀರೆಯ ತುದಿ ಹಿಡಿದು ಅಲೆಯಾಡಿಸುತ್ತಿದ್ದಾರೆ, ಅದೇ ವೈಶಂಪಾಯನ ಸರೋವರ. ಅದರಡಿ ಅವಳು ಕೂತಿದ್ದಾಳೆ. ನೀರಿನೊಳಗೂ ದುರ್ಯೋಧನನ ಮೈ ಬೆವರಿತೆಂದು ರನ್ನ ಬರೆದಿದ್ದಾನೆ. ಸೀರೆಯಡಿ ಅವಳ ಹಣೆಯ ಬಣ್ಣ ಕರಗಿ ಕಣ್ಣಿಗಿಳಿಯುತ್ತಿರುವುದು ನಿಮಗೆ ಗೊತ್ತು.

ಭೀಮ ಗರ್ಜಿಸುತ್ತಾನೆ.

ಕರೆಂಟು ಹೋಗುತ್ತದೆ.

ಮೈಕು ಸತ್ತಿದೆ. ಕತ್ತಲೆ. ಯಾರೋ ನಗುತ್ತಾರೆ. ಮಗು ಅಳುತ್ತದೆ. ಸೀರೆ ನಿಶ್ಚಲವಾಗುತ್ತದೆ. ಅವಳು ಏಳಬೇಕು, ಏಳುತ್ತಿಲ್ಲ. ಒಂದು ಉಸಿರು. ಎರಡು. ಅವಳ ಮೊದಲ ಪದ ನಿಮ್ಮ ಹಲ್ಲಿನ ಹಿಂದೆಯೇ ಇದೆ, ಹೇಳಿಬಿಟ್ಟರೆ ನಾಟಕ ಉಳಿಯುತ್ತದೆ. ಆದರೆ ಅದು ನಿಮ್ಮ ದನಿಯಾಗುತ್ತದೆ. ಇಷ್ಟು ಜನರೆದುರು ಮತ್ತೊಬ್ಬ ಗಂಡಸು ಅವಳ ಪರವಾಗಿ ಮಾತಾಡಿದಂತಾಗುತ್ತದೆ. ಬೆರಳು ನಡುಗುತ್ತದೆ. ಬಾಯಿ ಮುಚ್ಚಿಕೊಂಡು ತಿದಿ ಎಳೆಯುತ್ತೀರಿ, ಷಡ್ಜವೊಂದನ್ನೇ ಒತ್ತಿ ಹಿಡಿಯುತ್ತೀರಿ.

ಸೀರೆ ನಡುವೆ ಉಬ್ಬುತ್ತದೆ. ಅವಳು ಎದ್ದಿದ್ದಾಳೆ.

ಹಾಡು ಹೊಟ್ಟೆಯಿಂದ ಬರುತ್ತದೆ. ಮೈಕಿಲ್ಲದೆ, ದೀಪವಿಲ್ಲದೆ, ಅಂಗಳ ದಾಟಿ ಗೇಟಿನವರೆಗೆ ಹೋಗುತ್ತದೆ. ಕೊನೆಯ ಸ್ವರವನ್ನು ಎಳೆಯುತ್ತಾಳೆ, ಅಪ್ಪ ನಿಲ್ಲಿಸುವ ಜಾಗ ದಾಟಿಯೂ ಎಳೆಯುತ್ತಾಳೆ. ಕತ್ತಲಲ್ಲಿ ಗಂಡಸಿನ ದನಿಯೊಂದು ಕೂಗುತ್ತದೆ: ‘ವನ್ಸ್ ಮೋರ್!’ ಆ ದನಿ ಯಾರದೆಂದು ನಿಮಗೂ ಗೊತ್ತು, ಅವಳಿಗೂ ಗೊತ್ತು. ಶಾಲೆಯ ನಾಟಕದಲ್ಲಿ ವನ್ಸ್ ಮೋರ್ ಇಲ್ಲವೆಂದು ನೀವೇ ಕಲಿಸಿದ್ದೀರಿ. ಆದರೂ ಮತ್ತೆ ಶ್ರುತಿ ಕೊಡುತ್ತೀರಿ. ಅವಳು ಮತ್ತೆ ಹಾಡುತ್ತಾಳೆ. ಕರೆಂಟು ಬಂದಾಗ ನೋಡುತ್ತೀರಿ, ಸೋದರಮಾವ ಇನ್ನೂ ಕೈ ಕಟ್ಟಿಯೇ ಕೂತಿದ್ದಾನೆ. ಎದ್ದು ಮಾತ್ರ ಹೋಗಿಲ್ಲ.

ನಾಟಕ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒಬ್ಬೊಬ್ಬರ ಬಣ್ಣ ತೆಗೆಯುತ್ತೀರಿ. ಸೀರೆಯ ತುದಿ ಹಿಡಿದಿದ್ದ ಹುಡುಗನೊಬ್ಬ ಪಕ್ಕದಲ್ಲೇ ನಿಂತಿದ್ದಾನೆ. ಅವನು ಇನ್ನೂ ಒಂಬತ್ತನೆಯ ತರಗತಿ. ಅವನ ಮುಖದಲ್ಲಿ ತೆಗೆಯಲು ಬಣ್ಣವೇ ಇಲ್ಲ. ‘ಬರೋ ವರ್ಷ ನಂಗ ಸಾ?’

ಈ ಎರಡು ತಾಲ್ಲೂಕುಗಳಲ್ಲಿ ನಾಟಕಕ್ಕೆ ಎಂದೂ ಬರ ಬಂದಿಲ್ಲ. ಜಾತ್ರೆಯಲ್ಲಿ, ಮಾರಿಗುಡಿಯ ಮುಂದೆ, ಬಸ್ಸು ಹತ್ತಿದರೆ ರಂಗಾಯಣದಲ್ಲಿ, ನೋಡುವವರಿಗೆ ವರ್ಷವಿಡೀ ಸುಗ್ಗಿ. ಬರ ಇರುವುದು ಸರದಿಗೆ. ಚಂದಾ ಕಟ್ಟಲಾಗದವರಿಗೆ, ಹೆಣ್ಣುಮಕ್ಕಳಿಗೆ, ಹಾಜರಿಗೂ ದನಿ ಏಳದವರಿಗೆ ರಂಗ ಹತ್ತುವ ಮೆಟ್ಟಿಲು ಶಾಲೆಯಲ್ಲಿ ಮಾತ್ರ ಸಿಗುತ್ತದೆ. ಆ ಮೆಟ್ಟಿಲು ಪ್ರತಿ ಶಾಲೆಯಲ್ಲೂ ಇರಬೇಕು, ಅದರ ಪಕ್ಕ ಶ್ರುತಿ ಹಿಡಿದು ಕೂರುವ ಒಬ್ಬ ಮೇಷ್ಟ್ರೂ ಇರಬೇಕು.

‘ಯಾವ ಪಾರ್ಟು ಬೇಕು?’ ಎಂದು ಹುಡುಗನನ್ನು ಕೇಳುತ್ತೀರಿ. ಅವನು ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡು ಬಂದಿದ್ದಾನೆ.